ಪಕ್ಕದ ಮನೆಯ ವಿಯೆಟ್ನಾಂ ಯೋಧರಿಗೆ ಏನು ಹೇಳಬೇಕು?

ನೀವು ಕೇಳಿರುವುದು ಇಷ್ಟು. ಅಮೆರಿಕಕ್ಕೆ ಬಂದು ಎಂಟು ತಿಂಗಳಾಯಿತು. ಪಕ್ಕದ ಮನೆಯ ಹಿರಿಯರು ದಿನಾ ‘ವಿಯೆಟ್ನಾಂ ವೆಟರನ್’ ಅಂತ ಬರೆದ ಕಪ್ಪು ಟೋಪಿ ಹಾಕಿಕೊಂಡು ಓಡಾಡುತ್ತಾರೆ. ಆ ಯುದ್ಧ ತಪ್ಪು ಅಂತ ಓದಿಕೊಂಡೇ ಬೆಳೆದವರು ನೀವು, ಈಗ ಅವರಿಗೆ ‘ಥ್ಯಾಂಕ್ ಯೂ’ ಅಂದರೆ ಮನಸ್ಸಿಗೆ ವಿರುದ್ಧ ಮಾತಾಡಿದ ಹಾಗೆ ಆಗುತ್ತದಾ? ಮತ್ತೆ, ಅವರು ಆಗಾಗ ಹೇಳುವ ‘ಡ್ರಾಫ್ಟ್’ ಅಂದರೆ ಏನು?

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅದು ತಿಳಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ನಾನು ಒಹಾಯೊದಲ್ಲಿ ಹದಿನೇಳು ವರ್ಷದಿಂದ ಇದ್ದೇನೆ, ಊರು ಹಾಸನದ ಕಡೆ. ನಮ್ಮ ಎದುರು ಮನೆ ಯಜಮಾನರೂ ವಿಯೆಟ್ನಾಂಗೆ ಹೋಗಿ ಬಂದವರು. ಹತ್ತು ವರ್ಷ ಹಿಮ ತೆಗೆಯುವಾಗ, ಹುಲ್ಲು ಕತ್ತರಿಸುವಾಗ ಮಾತಾಡಿದ್ದೇವೆ, ಒಮ್ಮೆಯೂ ಅವರು ಆ ವಿಷಯ ಎತ್ತಿರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಮಗನಿಗೆ 18 ತುಂಬಿತು. ಇಲ್ಲಿ 18ರಿಂದ 25 ವರ್ಷದ ಗಂಡು ಮಕ್ಕಳ ಹೆಸರು ‘ಸೆಲೆಕ್ಟಿವ್ ಸರ್ವೀಸ್’ ಅನ್ನುವ ಕಚೇರಿಯಲ್ಲಿ ದಾಖಲಾಗಿರಬೇಕು, ಮುಂದೆ ಯಾವಾಗಲಾದರೂ ಸೈನ್ಯಕ್ಕೆ ಕಡ್ಡಾಯವಾಗಿ ಕರೆಯಬೇಕಾಗಿ ಬಂದರೆ ಇರಲಿ ಅಂತ. ಅಮೆರಿಕದ ನಾಗರಿಕರಿಗಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವವರಿಗೂ ಇದು ಕಡ್ಡಾಯ. ಅವನು ಫೋನಿನಲ್ಲೇ ಐದು ನಿಮಿಷದಲ್ಲಿ ಮುಗಿಸಿದ. ಸಂಜೆ ಯಜಮಾನರ ಹತ್ತಿರ ಸುಮ್ನೆ ಮಾತಿಗೆ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಹುಟ್ಟಿದ ತಾರೀಕು ಯಾವುದು?” ಅಂತ ಕೇಳಿದರು. ನನಗೆ ಆಗ ಅರ್ಥ ಆಗಲಿಲ್ಲ. ಅವರ ಕಾಲದ ಹುಡುಗರಿಗೆ ಹುಟ್ಟಿದ ತಾರೀಕು ಅಂದರೆ ಏನಾಗಿತ್ತು ಅಂತ ಆ ರಾತ್ರಿ ಅವರ ಜಗಲಿಯಲ್ಲಿ ಕೂತು ಕೇಳಿದೆ.

ನಮ್ಮ ಕಡೆ ಸೈನ್ಯಕ್ಕೆ ಸೇರುವುದು ಅಂದರೆ ತಾನಾಗಿ ಸೇರುವುದು. ಭರ್ತಿ ರ್‍ಯಾಲಿಗೆ ಬೆಳಗಿನ ಜಾವವೇ ಹೋಗಿ ಸಾಲು ನಿಂತು, ಓಡಿ, ಎದೆ ಅಳತೆ ಸಾಲದೆ ವಾಪಸ್ ಬಂದು ಅತ್ತ ಹುಡುಗರನ್ನು ನಾನು ನೋಡಿದ್ದೇನೆ. ಕೊಡಗಿನ ಮನೆಗಳಲ್ಲಂತೂ ಅದು ತಲೆಮಾರುಗಳ ಹೆಮ್ಮೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಕೆಳಗಿದ್ದ ಭಾರತದ ಸೈನ್ಯ 25 ಲಕ್ಷಕ್ಕೆ ಬೆಳೆಯಿತು, ಆಗಲೂ ಕಾನೂನಿನ ಕಡ್ಡಾಯ ಇರಲಿಲ್ಲ. ಹಾಗಾಗಿ ‘ಯೋಧ’ ಅಂದ ಕೂಡಲೇ ಇವರು ಬೇಕು ಅಂತ ಹೋದವರು ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ಈ ತಲೆಮಾರಿಗೆ ಆ ಲೆಕ್ಕ ಹಿಡಿಯಬೇಡಿ.

1940ರಿಂದ 1973ರವರೆಗೆ, ನಡುವೆ ಒಂದು ಚಿಕ್ಕ ಬಿಡುವು ಬಿಟ್ಟರೆ, ಇಲ್ಲಿ ಕಡ್ಡಾಯ ಸೇವೆ ಇತ್ತು. ಅದೇ ಡ್ರಾಫ್ಟ್. ಹುಡುಗನಿಗೆ 18 ಆದ ಮೇಲೆ ಹೆಸರು ಬರೆಸಬೇಕು. ಊರೂರಿಗೆ ಒಂದೊಂದು ಡ್ರಾಫ್ಟ್ ಬೋರ್ಡ್. ಅದರಲ್ಲಿ ಕೂರುವವರು ಅದೇ ಊರಿನ ಹಿರಿಯರು. ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು ಅಂತ ಅವರು ತೀರ್ಮಾನ ಮಾಡುತ್ತಿದ್ದರು. 1-ಎ ಅಂತ ಬಂದರೆ ಹೋಗಲು ತಯಾರಿರಬೇಕು. 2-ಎಸ್ ಅಂದರೆ ಕಾಲೇಜಿನಲ್ಲಿ ಓದುತ್ತಿದ್ದಾನೆ, ಸದ್ಯಕ್ಕೆ ಬಿಡಿ ಅಂತ. 4-ಎಫ್ ಅಂದರೆ ಸೇವೆಗೆ ಆಗುವುದಿಲ್ಲ ಅಂತ. ಇಷ್ಟು ಹೇಳಿದರೆ ಸಾಕು ಅಲ್ವಾ, ಯಾರ ಮಕ್ಕಳು ಉಳಿದರು, ಯಾರ ಮಕ್ಕಳು ಹೋದರು ಅಂತ ನೀವೇ ಊಹಿಸಬಹುದು. ಫೀಸು ಕಟ್ಟಿ ಕಾಲೇಜಿಗೆ ಕಳಿಸುವ ಶಕ್ತಿ ಇದ್ದ ಮನೆಯ ಹುಡುಗ ಓದುತ್ತಾ ಇದ್ದ. ಹೈಸ್ಕೂಲು ಮುಗಿಸಿ ಟೈರ್ ಕಾರ್ಖಾನೆಗೆ ಸೇರಿದ ಎದುರು ಮನೆ ಯಜಮಾನರಂಥವರು 1-ಎ ಆಗಿಯೇ ಇದ್ದರು.

ಇದು ಅನ್ಯಾಯ ಅಂತ ಕೂಗು ಜಾಸ್ತಿ ಆದಾಗ ಚೀಟಿ ಎತ್ತುವ ಪದ್ಧತಿ ತಂದರು. 1969ರ ಡಿಸೆಂಬರ್ 1ರ ರಾತ್ರಿ ವಾಷಿಂಗ್ಟನ್‌ನಲ್ಲಿ ದೊಡ್ಡ ಗಾಜಿನ ಜಾಡಿಯಲ್ಲಿ 366 ನೀಲಿ ಪ್ಲಾಸ್ಟಿಕ್ ಗುಂಡುಗಳು, ಒಂದೊಂದರೊಳಗೆ ಒಂದು ತಾರೀಕು. 1944ರಿಂದ 1950ರ ಒಳಗೆ ಹುಟ್ಟಿದ ಹುಡುಗರ ಹಣೆಬರಹ ಅದರಲ್ಲಿತ್ತು. ಟಿವಿ, ರೇಡಿಯೊ ಎರಡರಲ್ಲೂ ನೇರ ಪ್ರಸಾರ. ಯಾವ ತಾರೀಕು ಮೊದಲು ಬಂತೋ ಆ ದಿನ ಹುಟ್ಟಿದವರಿಗೆ ಮೊದಲು ಕರೆ. ಮೊದಲು ಬಂದದ್ದು ಸೆಪ್ಟೆಂಬರ್ 14. ನಾಲ್ಕನೆಯದು ಫೆಬ್ರವರಿ 14. ಕೊನೆಗೆ, 366ನೆಯದಾಗಿ ಬಂದದ್ದು ಜೂನ್ 8. ಆ ಪಟ್ಟಿಯಲ್ಲಿ ಕೊನೆಗೆ 195ರವರೆಗೆ ಕರೆದರು. 195 ಬಂದವನು ಹೋದ, 196 ಬಂದವನು ಮನೆಯಲ್ಲಿ ಉಳಿದ. ಇನ್ನೂ ಒಂದು ವಿಷಯ ಇದೆ. ಗುಂಡುಗಳನ್ನು ತಿಂಗಳ ಪ್ರಕಾರ ತುಂಬಿದ್ದರು, ಸರಿಯಾಗಿ ಕಲಸಿರಲಿಲ್ಲ. ಹಾಗಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಚಿಕ್ಕ ಸಂಖ್ಯೆಗಳು ಜಾಸ್ತಿ ಬಿದ್ದವು. ಲೆಕ್ಕ ಬಲ್ಲವರು ಇದನ್ನು ಆಮೇಲೆ ತೋರಿಸಿದರು. ಮುಂದಿನ ವರ್ಷ ಕ್ರಮವನ್ನೇ ಬದಲಿಸಿದರು. ಆದರೆ ಮೊದಲ ಸಲದ ಪಟ್ಟಿ ಹಾಗೇ ಉಳಿಯಿತು.

ನಮ್ಮ ಯಜಮಾನರು ಹುಟ್ಟಿದ್ದು 1949ರ ಡಿಸೆಂಬರ್‌ನಲ್ಲಿ.

ಆ ರಾತ್ರಿ ಕಾರ್ಖಾನೆಯ ಊಟದ ಕೋಣೆಯಲ್ಲಿ ಹತ್ತಾರು ಹುಡುಗರು ಒಂದೇ ರೇಡಿಯೊ ಸುತ್ತ ನಿಂತಿದ್ದರಂತೆ. ಇವರ ತಾರೀಕು ನೂರರ ಒಳಗೇ ಬಂತು. ಪಕ್ಕದಲ್ಲಿದ್ದ ಗೆಳೆಯನಿಗೆ ಮುನ್ನೂರರ ಮೇಲೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ ಅಂದರು. ಕೆಲವು ತಿಂಗಳಿಗೆ ‘ಗ್ರೀಟಿಂಗ್’ ಅಂತ ಶುರುವಾಗುವ ಸರ್ಕಾರಿ ಕಾಗದ ಬಂತು. ಅವರ ತಾಯಿ ಅದನ್ನು ಅಡುಗೆಮನೆ ಮೇಜಿನ ಮೇಲೆ ಮಡಚಿದ ಹಾಗೇ ಇಟ್ಟಿದ್ದರು, ತೆರೆದಿರಲಿಲ್ಲ.

1964ರಿಂದ 1973ರವರೆಗೆ ಹೀಗೆ ಕರೆಸಿಕೊಂಡವರು 18 ಲಕ್ಷಕ್ಕೂ ಜಾಸ್ತಿ. ವಿಯೆಟ್ನಾಂ ನೆಲಕ್ಕೆ ಹೋದವರಲ್ಲಿ ಹೆಚ್ಚಿನವರು ತಾವಾಗಿ ಸೇರಿದವರು ಅಂತ ನೀವು ಎಲ್ಲಾದರೂ ಓದಬಹುದು. ಅದೂ ನಿಜವೇ. ಆದರೆ ಹೇಗಿದ್ದರೂ ಕಾಗದ ಬರುತ್ತದೆ, ಮೊದಲೇ ಸೇರಿದರೆ ನೌಕಾಪಡೆಯೋ ವಾಯುಪಡೆಯೋ ಆರಿಸಿಕೊಳ್ಳಬಹುದು ಅಂತ ಸೇರಿದವರು ಅವರಲ್ಲಿ ಎಷ್ಟೋ ಮಂದಿ. ಹೋಗುವುದಿಲ್ಲ ಅಂದವರೂ ಇದ್ದರು. ಬಾಕ್ಸರ್ ಮುಹಮ್ಮದ್ ಅಲಿ 1967ರಲ್ಲಿ ನಿರಾಕರಿಸಿ ಚಾಂಪಿಯನ್ ಪಟ್ಟ ಕಳೆದುಕೊಂಡರು, 1971ರಲ್ಲಿ ಸುಪ್ರೀಂ ಕೋರ್ಟು ಅವರ ಶಿಕ್ಷೆ ರದ್ದು ಮಾಡಿತು. ಸಾವಿರಾರು ಹುಡುಗರು ಕೆನಡಾಕ್ಕೆ ಹೋದರು. ಡ್ರಾಫ್ಟ್ ತಪ್ಪಿಸಿಕೊಂಡವರಿಗೆ ಅಧ್ಯಕ್ಷ ಕಾರ್ಟರ್ 1977ರ ಜನವರಿಯಲ್ಲಿ ಕ್ಷಮೆ ಕೊಟ್ಟರು. ಅವರದ್ದೂ ಸುಲಭದ ದಾರಿ ಆಗಿರಲಿಲ್ಲ, ಅವರನ್ನು ನಾನು ಹಗುರವಾಗಿ ನೋಡುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಯುದ್ಧ ಸರಿಯೋ ತಪ್ಪೋ ಅನ್ನುವುದು ಒಂದು ಮಾತು. ಇಪ್ಪತ್ತು ವರ್ಷದ ಹುಡುಗನನ್ನು ಹುಟ್ಟಿದ ತಾರೀಕು ನೋಡಿ ಕಳಿಸಿ, ವಾಪಸ್ ಬಂದಾಗ ಮುಖ ತಿರುಗಿಸಿದ್ದು ಇನ್ನೊಂದು ಮಾತು. ನೀವು ಮೊದಲನೆಯದನ್ನು ಒಪ್ಪದೆಯೂ ಎರಡನೆಯದಕ್ಕೆ ಮರುಗಬಹುದು. ನಾನೂ ಆ ಯುದ್ಧ ತಪ್ಪು ಅಂತಲೇ ನಂಬಿದವನು. ಲಕ್ಷಾಂತರ ವಿಯೆಟ್ನಾಂ ಜನ ಸತ್ತದ್ದನ್ನು ಮರೆಯಬೇಕಾಗಿಲ್ಲ. ನಮ್ಮ ಯಜಮಾನರೂ ಮರೆತಿಲ್ಲ, ನಮಗಿಂತ ಜಾಸ್ತಿ ಅವರಿಗೇ ನೆನಪಿದೆ.

ವಾಪಸ್ ಬಂದದ್ದು ಹೇಗೆ ಅಂತ ತಿಳಿದರೆ ಆ ಟೋಪಿ ಯಾಕೆ ಅಂತ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧ ಮುಗಿಸಿದ ಸೈನಿಕರು ಜೊತೆಯವರ ಸಂಗಡ ಹಡಗಿನಲ್ಲಿ ಬಂದರು, ದಾರಿಯುದ್ದಕ್ಕೂ ಮಾತಾಡಿಕೊಂಡು, ಅತ್ತು, ಮಲಗಿ. ವಿಯೆಟ್ನಾಂನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಒಂದು ವರ್ಷ, ಅದು ಮುಗಿದ ದಿನ ಒಬ್ಬರೇ ಹೊರಡಬೇಕು. ಕಾಡಿನಲ್ಲಿದ್ದವರು ಎರಡು ಮೂರು ದಿನದಲ್ಲಿ ಅಮ್ಮನ ಅಡುಗೆಮನೆಯಲ್ಲಿ. ಯಜಮಾನರು 1971ರಲ್ಲಿ ಬಂದಾಗ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಸಮವಸ್ತ್ರ ಬಿಚ್ಚಿ ಬೇರೆ ಶರ್ಟು ಹಾಕಿಕೊಂಡು ಹೊರಗೆ ಬಂದರಂತೆ. ಯಾರಾದರೂ ಏನಾದರೂ ಅಂದಾರು ಅನ್ನುವ ಹೆದರಿಕೆ. ಅದಾದ ಮೇಲೆ ನಲವತ್ತು ವರ್ಷ ಅವರು ಕೆಲಸದ ಕಡೆ ಯಾರಿಗೂ ಹೇಳಲಿಲ್ಲ.

ಅದಕ್ಕೇ ಆ ತಲೆಮಾರಿನವರು ಒಬ್ಬರಿಗೊಬ್ಬರು ಸಿಕ್ಕಾಗ ‘ವೆಲ್‌ಕಮ್ ಹೋಮ್’ ಅಂತ ಹೇಳಿಕೊಳ್ಳುತ್ತಾರೆ. ‘ಥ್ಯಾಂಕ್ ಯೂ’ ನಿಮ್ಮ ಬಾಯಿಗೆ ಬರದಿದ್ದರೆ ಬಿಡಿ, ಇದನ್ನು ಹೇಳಿ. ‘ಮನೆಗೆ ಬಂದಿರಿ, ಒಳ್ಳೆಯದಾಯಿತು’ ಅನ್ನುವುದರಲ್ಲಿ ಸುಳ್ಳು ಏನೂ ಇಲ್ಲ. ಆಮೇಲೆ ಯಾವ ವರ್ಷ ಹೋಗಿದ್ದಿರಿ, ಎಲ್ಲಿದ್ದಿರಿ ಅಂತ ಕೇಳಿ. ಅವರು ಹೇಳಿದಷ್ಟು ಕೇಳಿ, ನಿಲ್ಲಿಸಿದಲ್ಲಿ ನಿಲ್ಲಿಸಿ. ಯಾರನ್ನಾದರೂ ಕೊಂದಿರಾ ಅಂತ ದಯವಿಟ್ಟು ಯಾವತ್ತೂ ಕೇಳಬೇಡಿ, ನಿಮ್ಮ ಮಕ್ಕಳಿಗೂ ಹೇಳಿಕೊಡಿ.

ಒಂದು ವರ್ಷದ ಹಿಂದೆ ಯಜಮಾನರ ಜೊತೆ ನಾನು ‘ಆನರ್ ಫ್ಲೈಟ್’ಗೆ ಹೋಗಿದ್ದೆ. ಇದು 2005ರಲ್ಲಿ ನಮ್ಮ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಶುರುವಾದದ್ದು. ವಯಸ್ಸಾದ ಯೋಧರನ್ನು ವಾಷಿಂಗ್ಟನ್‌ಗೆ ಕರೆದುಕೊಂಡು ಹೋಗಿ ಸ್ಮಾರಕಗಳನ್ನು ತೋರಿಸಿ ತರುತ್ತಾರೆ. ಅವರಿಗೆ ಒಂದು ಪೈಸೆ ಖರ್ಚಿಲ್ಲ. ಜೊತೆಗೆ ಕೈ ಹಿಡಿಯಲು ಒಬ್ಬರು ಬೇಕು, ಅವರನ್ನು ಗಾರ್ಡಿಯನ್ ಅನ್ನುತ್ತಾರೆ. ಮಗ ದೂರದ ಊರಿನಲ್ಲಿದ್ದಾನೆ, ನೀವು ಬರ್ತೀರಾ ಅಂತ ಅವರೇ ಕೇಳಿದರು.

ವಿಯೆಟ್ನಾಂ ಸ್ಮಾರಕ 1982ರದ್ದು. ಮಾಯಾ ಲಿನ್ ಅನ್ನುವ ವಿದ್ಯಾರ್ಥಿನಿ 21ನೇ ವಯಸ್ಸಿನಲ್ಲಿ ಅದರ ವಿನ್ಯಾಸ ಮಾಡಿದ್ದು. ನೆಲದೊಳಗೆ ಇಳಿದ ಹಾಗೆ ಕಪ್ಪು ಕಲ್ಲಿನ ಗೋಡೆ, ಅದರ ಮೇಲೆ 58 ಸಾವಿರಕ್ಕೂ ಜಾಸ್ತಿ ಹೆಸರು. ಹುದ್ದೆ ಇಲ್ಲ, ಅಕ್ಷರದ ಕ್ರಮ ಇಲ್ಲ, ಸತ್ತ ದಿನದ ಕ್ರಮದಲ್ಲಿ ಬರೆದಿದ್ದಾರೆ. ಹಾಗಾಗಿ ಒಂದೇ ದಿನ ಜೊತೆಗೆ ಸತ್ತವರು ಅಲ್ಲೂ ಒಟ್ಟಿಗೇ ಇದ್ದಾರೆ. ಯಜಮಾನರು ಪಟ್ಟಿ ನೋಡಲಿಲ್ಲ. ತಮ್ಮವರು ಸತ್ತ ದಿನ ಯಾವುದು ಅಂತ ಅವರಿಗೆ ಗೊತ್ತಿತ್ತು. ನೇರ ಹೋಗಿ ಮೂರು ಹೆಸರುಗಳ ಮೇಲೆ ಅಂಗೈ ಇಟ್ಟು ನಿಂತರು.

ಆ ಕಲ್ಲು ನಮ್ಮದು. ಬೆಂಗಳೂರಿನ ಕಡೆಯ ಗಣಿಯಿಂದ ತೆಗೆದ ಕರಿಕಲ್ಲು ಅದು. ಕನ್ನಡಿಯ ಹಾಗೆ ಹೊಳೆಯುತ್ತದೆ ಅಂತ ಆರಿಸಿದ್ದು, ಹೆಸರು ಓದುವವರ ಮುಖ ಅದರಲ್ಲೇ ಕಾಣುತ್ತದೆ. ಕೆನಡಾ, ಸ್ವೀಡನ್‌ ಕಲ್ಲು ಬೇಡ ಅಂದರಂತೆ, ಡ್ರಾಫ್ಟ್ ತಪ್ಪಿಸಿಕೊಂಡವರು ಅಲ್ಲಿಗೆ ಹೋಗಿದ್ದರು ಅನ್ನುವ ಕಾರಣಕ್ಕೆ. ಇದನ್ನು ಯಜಮಾನರಿಗೆ ಹೇಳಿದೆ. ಅವರು ಕೈ ತೆಗೆಯದೆ ಕೇಳಿದರು, “ಕಲ್ಲು ಕಡಿದವರಿಗೆ ಇದು ಎಲ್ಲಿಗೆ ಹೋಗುತ್ತಿದೆ ಅಂತ ಯಾರಾದರೂ ಹೇಳಿದ್ದರಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಹೋದಾಗ ಲಾರಿಯಲ್ಲಿ ದೊಡ್ಡ ಕಲ್ಲಿನ ದಿಮ್ಮಿ ಹೋಗುವುದು ಕಂಡರೆ ಈಗ ಆ ಪ್ರಶ್ನೆ ನೆನಪಾಗುತ್ತದೆ.

ವಾಪಸ್ ವಿಮಾನದಲ್ಲಿ ‘ಮೇಲ್ ಕಾಲ್’ ಅಂತ ಪ್ರತಿಯೊಬ್ಬರಿಗೂ ಕಾಗದಗಳ ಕಟ್ಟು ಕೊಟ್ಟರು. ಯುದ್ಧದಲ್ಲಿ ಮನೆಯಿಂದ ಬಂದ ಕಾಗದ ಹಂಚುತ್ತಿದ್ದ ಹಾಗೆ. ನನ್ನ ಮಗಳು ಬರೆದದ್ದೂ ಅದರಲ್ಲಿತ್ತು. ನಿಲ್ದಾಣದಲ್ಲಿ ರಾತ್ರಿ ಹತ್ತರ ಮೇಲೆ ನೂರಾರು ಜನ, ಬ್ಯಾಂಡು, ಬಾವುಟ. ಯಜಮಾನರು ನನ್ನ ತೋಳು ಬಿಗಿಯಾಗಿ ಹಿಡಿದು, ಇಳಿದ ಕೂಡಲೇ ಹೊರಟುಬಿಡೋಣ ಅಂದಿದ್ದವರು, ಸಾಲಿನಲ್ಲಿದ್ದ ಒಬ್ಬೊಬ್ಬ ಮಗುವಿನ ಕೈಯನ್ನೂ ಕುಲುಕುತ್ತಾ ಅರ್ಧ ಗಂಟೆ ನಡೆದರು.

ನೀವು ಮಾಡಬಹುದಾದ ಕೆಲಸವೂ ಇದೆ. ಪಕ್ಕದ ಮನೆಯವರು ಆನರ್ ಫ್ಲೈಟ್‌ಗೆ ಹೋಗಿದ್ದಾರಾ ಕೇಳಿ, ಇಲ್ಲದಿದ್ದರೆ ಅರ್ಜಿ ತುಂಬಲು ಜೊತೆಗೆ ಕೂರಿ. ಇನ್ನೊಂದು, ಟೈಪ್ 2 ಸಕ್ಕರೆ ಕಾಯಿಲೆ, ಕೆಲವು ಬಗೆಯ ಹೃದಯದ ತೊಂದರೆ, ಪಾರ್ಕಿನ್ಸನ್ಸ್ ಇದ್ದರೆ ಅದು ಅಲ್ಲಿ ಸಿಂಪಡಿಸಿದ ‘ಏಜೆಂಟ್ ಆರೆಂಜ್’ ಅನ್ನುವ ಕಳೆನಾಶಕದಿಂದ ಬಂದದ್ದು ಅಂತ ಸರ್ಕಾರವೇ ಒಪ್ಪಿ ಪರಿಹಾರ ಕೊಡುತ್ತದೆ. 2022ರ ಪ್ಯಾಕ್ಟ್ ಕಾಯ್ದೆ ಆ ಪಟ್ಟಿಗೆ ಬಿಪಿಯನ್ನೂ ಸೇರಿಸಿತು. ಹಿಂದೆ ಒಮ್ಮೆ ಆಗುವುದಿಲ್ಲ ಅನ್ನಿಸಿಕೊಂಡು ಬೇಸತ್ತು ಮತ್ತೆ ಅರ್ಜಿಯೇ ಹಾಕದ ಹಿರಿಯರು ತುಂಬಾ ಇದ್ದಾರೆ. ಕೌಂಟಿಯ ವೆಟರನ್ಸ್ ಕಚೇರಿಯಲ್ಲಿ ಬಿಟ್ಟಿಯಾಗಿ ಸಹಾಯ ಮಾಡುತ್ತಾರೆ, ಕಾರಿನಲ್ಲಿ ಕರೆದುಕೊಂಡು ಹೋಗುವವರು ಒಬ್ಬರು ಬೇಕು ಅಷ್ಟೆ.

ಮಾರ್ಚ್ 29 ವಿಯೆಟ್ನಾಂ ಯೋಧರ ದಿನ. 1973ರಲ್ಲಿ ಕೊನೆಯ ಯುದ್ಧ ತುಕಡಿಗಳು ಅಲ್ಲಿಂದ ಹೊರಟದ್ದು ಆ ದಿನ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಇವರಲ್ಲಿ ಚಿಕ್ಕವರಿಗೂ ಈಗ ಎಪ್ಪತ್ತು ದಾಟಿದೆ. ಈ ಶನಿವಾರ ಮನೆಯಲ್ಲಿ ಚಕ್ಕುಲಿ ಇದ್ದರೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿ. ಅರ್ಜಿಯಲ್ಲಿ ಏನಾದರೂ ತಿಳಿಯದಿದ್ದರೆ ಇಲ್ಲೇ ಕೇಳಿ, ನಾನು ಒಮ್ಮೆ ತುಂಬಿದ್ದೇನೆ, ಹೇಳುತ್ತೇನೆ.