ಸಂಪಾದಕರ ಉತ್ತರ: ಮಾಲೀಕರ ಲೆಕ್ಕ ಬರೆಯುವ ಅಭಿಮಾನಿ

ಮಾನ್ಯರೇ,

ಬಾಸ್ಟನ್ ಸಮೀಪದಿಂದ ನೀವು ಬರೆದ ದೀರ್ಘ ಪತ್ರವನ್ನು ಎರಡು ಸಲ ಓದಿದೆ. ರೆಡ್ ಸಾಕ್ಸ್ ಬೇಸ್‌ಬಾಲ್ ತಂಡವು 2025ರ ಜೂನ್ 15ರಂದು ತನ್ನ ತಾರಾ ಬ್ಯಾಟರ್ ರಫಾಯೆಲ್ ಡೆವರ್ಸ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ ಬಿಟ್ಟುಕೊಟ್ಟದ್ದು ಸರಿಯೆಂದೂ, ತಂಡಕ್ಕೆ ಅಗತ್ಯ ಬಿದ್ದಾಗ ಮೊದಲ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಮೂಲೆಗಳಲ್ಲಿ ಮೊದಲನೆಯದು) ಕಾಯಲು ಒಪ್ಪದವನಿಗೆ ವರ್ಷಕ್ಕೆ ಮೂರು ಕೋಟಿ ಡಾಲರಿಗೂ ಮಿಕ್ಕಿ ಸುರಿಯುವುದು ಅವಿವೇಕವೆಂದೂ, ರೋಮನ್ ಆಂಟನಿ, ಮಾರ್ಸೆಲೊ ಮೇಯರ್, ಕ್ರಿಸ್ಟಿಯನ್ ಕ್ಯಾಂಬೆಲ್ ಎಂಬ ಮೂವರು ಎಳೆಯರನ್ನು ನೆಚ್ಚಿ ಮುಂದಿನ ದಶಕದ ತಂಡವನ್ನು ಕಟ್ಟಬೇಕೆಂದೂ ನೀವು ವಾದಿಸಿದ್ದೀರಿ. ನಮ್ಮ ಕ್ರೀಡಾ ಪುಟದಲ್ಲಿ ಡೆವರ್ಸ್ ಪರವಾಗಿ ಬಂದ ಟಿಪ್ಪಣಿಯನ್ನು ‘ಕಣ್ಣೀರಿನ ಬರಹ’ ಎಂದು ಕರೆದಿದ್ದೀರಿ. ಆ ಟಿಪ್ಪಣಿಯನ್ನು ಬರೆದವನು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಬರೆಯುವುದು ನ್ಯಾಯ.

ಮೊದಲು ನಿಮ್ಮ ಮಾತಿನಲ್ಲಿ ಹುರುಳಿರುವುದನ್ನು ಒಪ್ಪಿಬಿಡುತ್ತೇನೆ. ಡೆವರ್ಸ್ ಮೂರನೇ ಬೇಸ್‌ನಲ್ಲಿ ನೆಚ್ಚಬಹುದಾದ ಫೀಲ್ಡರ್ ಆಗಿರಲಿಲ್ಲ. ಅವರ ಜಾಗಕ್ಕೆ ಕರೆತಂದ ಅಲೆಕ್ಸ್ ಬ್ರೆಗ್‌ಮನ್ ಹಿಂದಿನ ವರ್ಷವಷ್ಟೇ ಉತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪಡೆದವರು. ಜನಪ್ರಿಯ ಆಟಗಾರನನ್ನು ಸಾಗಹಾಕಿಯೂ ಗೆಲ್ಲಬಹುದೆಂಬುದಕ್ಕೆ ನೀವು ಕೊಟ್ಟ ಉದಾಹರಣೆಯೂ ಗಟ್ಟಿಯಾಗಿದೆ. 2004ರ ಜುಲೈ 31ರಂದು ನೊಮಾರ್ ಗಾರ್ಸಿಯಪಾರಾ ಅವರನ್ನು ಶಿಕಾಗೊ ಕಬ್ಸ್‌ಗೆ ಕಳುಹಿಸಿದಾಗ ಬಾಸ್ಟನ್‌ನ ಅರ್ಧ ಊರು ಶಪಿಸಿತು, ಅದೇ ವರ್ಷ 86 ವರ್ಷಗಳ ಬರ ನೀಗಿ ವಿಶ್ವ ಸರಣಿ, ಅಂದರೆ ಚಾಂಪಿಯನ್ ಪಟ್ಟ, ಕೈಸೇರಿತು. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಡೆವರ್ಸ್ ‘ಮೊಂಡುತನ’ದ ಕಥೆಯನ್ನು ನೀವು ನಡುವಿನಿಂದ ಶುರುಮಾಡಿದ್ದೀರಿ. ಮೊದಲಿನಿಂದ ಹೇಳೋಣ. 2023ರ ಜನವರಿಯಲ್ಲಿ ತಂಡವು ಅವರೊಂದಿಗೆ ಹತ್ತು ವರ್ಷಗಳಿಗೆ 31 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಾಗ ಅವರು ಮೂರನೇ ಬೇಸ್‌ನ ಆಟಗಾರ. 2025ರ ಫೆಬ್ರವರಿಯಲ್ಲಿ ಬ್ರೆಗ್‌ಮನ್ ಬಂದರು. ಡೆವರ್ಸ್ ಸಿಟ್ಟಾದರು, ಮೂರನೇ ಬೇಸ್ ನನ್ನದೆಂದು ಬಾಯಿಬಿಟ್ಟು ಹೇಳಿದರು, ಆದರೂ ಕೊನೆಗೆ ಒಪ್ಪಿಕೊಂಡು ಡೆಸಿಗ್ನೇಟೆಡ್ ಹಿಟ್ಟರ್ ಆದರು. ಅಂದರೆ ಮೈದಾನಕ್ಕಿಳಿಯದೆ ಬ್ಯಾಟ್ ಮಾತ್ರ ಬೀಸುವವರು. ಇನ್ನು ಫೀಲ್ಡಿಂಗ್‌ನ ಗ್ಲೋವ್ ಬೇಕಿಲ್ಲವೆಂದು ಅವರಿಗೆ ತಂಡವೇ ತಿಳಿಸಿತ್ತು. ಮೇ 2ರಂದು ಮೊದಲ ಬೇಸ್‌ನ ಟ್ರಿಸ್ಟನ್ ಕಸಾಸ್ ಓಡುವಾಗ ಮಂಡಿಯ ಸ್ನಾಯುರಜ್ಜು ಹರಿದು ಬಿದ್ದರು. ಆಗ ಅದೇ ತಂಡ ಅದೇ ಮನುಷ್ಯನ ಬಳಿ ಬಂದು, ಆ ಗ್ಲೋವ್ ಮತ್ತೆ ತೆಗೆಯಪ್ಪ, ಈ ಸಲ ಬೇರೆ ಬೇಸ್‌ಗೆ, ಎಂದಿತು. ಅವರು ಒಲ್ಲೆನೆಂದರು. ತಂಡದ ಮಾಲೀಕರಾದ ಜಾನ್ ಹೆನ್ರಿ ಖುದ್ದು ಕ್ಯಾನ್ಸಸ್ ಸಿಟಿಗೆ ಹೋಗಿ ಮಾತಾಡಿದರು. ಮಾಲೀಕರೇ ಬಂದರೂ ಬಗ್ಗಲಿಲ್ಲವಲ್ಲ ಎಂಬುದು ನಿಮ್ಮ ಸಿಟ್ಟು. ಆ ಪ್ರಯಾಣವನ್ನು ಫೆಬ್ರವರಿಯಲ್ಲೇ ಬೆಳೆಸಬೇಕಿತ್ತು ಎಂಬುದು ನನ್ನ ತಕರಾರು.

ರೆಡ್ ಸಾಕ್ಸ್‌ನ ಹಳೆಯ ತಾರೆ ಕಾರ್ಲ್ ಯಸ್ಟ್ರೆಂಸ್ಕಿಯವರ ಹೆಸರೆತ್ತಿ ನನ್ನ ಬಾಯಿ ಮುಚ್ಚಿಸಲು ನೋಡಿದ್ದೀರಿ: ಎಡಬದಿಯ ಔಟ್‌ಫೀಲ್ಡ್‌ನಲ್ಲಿ ಹೆಸರಾದವರು ಎಪ್ಪತ್ತರ ದಶಕದಲ್ಲಿ ಮೊದಲ ಬೇಸ್‌ಗೂ ಬಂದು ಆಡಲಿಲ್ಲವೇ ಎಂದು. ಆಡಿದರು, ನಿಜ. 1961ರಿಂದ 1983ರವರೆಗೆ ಒಂದೇ ತಂಡದಲ್ಲಿ 23 ಸೀಸನ್ ಇದ್ದವರು ಅವರು. ತಂಡ ತನ್ನನ್ನು ಬಿಡುವುದಿಲ್ಲವೆಂಬ ನಂಬಿಕೆ ಇರುವಲ್ಲಿ ಆಟಗಾರ ಜಾಗ ಬದಲಿಸುವುದು ಒಂದು ಮಾತು, ಫೆಬ್ರವರಿಗೊಂದು ಮೇ ತಿಂಗಳಿಗೊಂದು ಆದೇಶ ಹೊರಡಿಸುವ ಕಚೇರಿಗಾಗಿ ಬದಲಿಸುವುದು ಇನ್ನೊಂದು. ನಿಮ್ಮ ಪತ್ರ ಮೌನವಾಗಿರುವ ಸಂಗತಿಯೊಂದಿದೆ. ಬಾಸ್ಟನ್‌ನಲ್ಲಿ ಒಲ್ಲೆನೆಂದ ಅದೇ ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಲ್ಲಿ ಹೇಳಿದರೂ ಆಡುತ್ತೇನೆಂದರು. ಜುಲೈ ಮುಗಿಯುವ ಮೊದಲೇ ಮೊದಲ ಬೇಸ್‌ನ ಗ್ಲೋವ್ ತೊಟ್ಟು ನಿಂತರು. ಆಟಗಾರ ಅವನೇ, ಬೇಸ್ ಅದೇ. ಕೇಳಿದವರು ಮಾತ್ರ ಬೇರೆ.

ಜೂನ್ 15ರ ಪಂದ್ಯವನ್ನು ನಾನು ನೋಡಿದೆ. ತಂಡದ ತವರು ಮೈದಾನವಾದ ಫೆನ್‌ವೇ ಪಾರ್ಕ್‌ನಲ್ಲಿ ಸಂಜೆ ಏಳರ ಪಂದ್ಯವೆಂದರೆ ಬೆಂಗಳೂರಿನಲ್ಲಿ ನಸುಕಿನ ನಾಲ್ಕೂವರೆ, ಆದ್ದರಿಂದ ಹಗಲಿನಲ್ಲಿ ನಡೆಯುವ ಭಾನುವಾರದ ಪಂದ್ಯಗಳು ನನ್ನಂಥವರಿಗೆ ವರ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಡೆವರ್ಸ್ ಐದನೇ ಇನ್ನಿಂಗ್ಸ್‌ನಲ್ಲಿ ಹೋಂ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದರು, ತಂಡ 2-0ರಿಂದ ಗೆದ್ದು ಮೂರೂ ಪಂದ್ಯಗಳ ಸರಣಿಯನ್ನು ಬಾಚಿಕೊಂಡಿತು. ಆ ಎಡಬದಿಯ ಹಸಿರು ಗೋಡೆ ನಿಮಗೆ ಗೊತ್ತೇ ಇದೆ, 37 ಅಡಿ ಎತ್ತರದ್ದು. ಅದರ ಬುಡದ ಫಲಕದಲ್ಲಿ ಇಂದಿಗೂ ಒಳಗೆ ಕೂತವರು ಅಂಕಿಗಳ ತಗಡನ್ನು ಕೈಯಿಂದಲೇ ಸಿಕ್ಕಿಸುತ್ತಾರೆ. ಅಂಥ ಹಳೆಯ ಮೈದಾನದಲ್ಲಿ ಯಾಂಕೀಸ್‌ ತಂಡವನ್ನು ಗುಡಿಸಿಹಾಕಿದ ಸಂಜೆಯೇ, ಆಟಗಾರರು ಸಿಯಾಟಲ್‌ಗೆ ಹೊರಟಿದ್ದಾಗ, ಆ ಹೋಂ ರನ್ ಹೊಡೆದವನನ್ನು ಮಾರಿದ ಸುದ್ದಿ ಬಂತು. ಇದನ್ನು ಸಮಯಪ್ರಜ್ಞೆ ಎಂದು ಹೊಗಳಿದ್ದೀರಿ. ನನಗೆ ಅಷ್ಟು ಗಟ್ಟಿ ಎದೆ ಇಲ್ಲ.

ಸರಿ, ಭಾವನೆ ಬೇಡ, ಲೆಕ್ಕವನ್ನೇ ನೋಡೋಣ. ಪ್ರತಿಯಾಗಿ ಬಂದವರು ನಾಲ್ವರು: ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಹೋಸೆ ಬೆಯೊ. ಹಿಕ್ಸ್ ಬುಲ್‌ಪೆನ್‌ಗೆ (ಪಂದ್ಯದ ನಡುವೆ ಬಂದು ಚೆಂಡೆಸೆಯುವವರ ಪಡೆಗೆ) ಬಲವಾಗಲಿಲ್ಲ, ಹೊರೆಯಾದರು. ಹ್ಯಾರಿಸನ್ ಬಹುಪಾಲು ವೂಸ್ಟರ್‌ನ ಮೈನರ್ ಲೀಗ್ (ಕೆಳದರ್ಜೆಯ) ತಂಡದಲ್ಲೇ ಉಳಿದರು. ಭವಿಷ್ಯದ ಬೆಳೆಯೆಂದು ನೀವು ಕೊಂಡಾಡುವ ಟಿಬ್ಸ್‌ರನ್ನು ಜುಲೈ ಕೊನೆಗೆ ಡಸ್ಟಿನ್ ಮೇ ಎಂಬ ಪಿಚರ್‌ಗಾಗಿ (ಚೆಂಡೆಸೆಯುವವನಿಗಾಗಿ) ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ದಾಟಿಸಲಾಯಿತು. ಆ ಹುಡುಗ ಬಾಸ್ಟನ್ ಸಂಸ್ಥೆಯಲ್ಲಿದ್ದದ್ದು ಆರೇಳು ವಾರ. ಯಾರಿಗಾಗಿ ಡೆವರ್ಸ್ ಜಾಗ ಬಿಟ್ಟರೋ ಆ ಬ್ರೆಗ್‌ಮನ್ ಒಂದು ಸೀಸನ್ ಆಡಿ, ಒಪ್ಪಂದದಿಂದ ಹೊರಬರುವ ತಮ್ಮ ಹಕ್ಕನ್ನು ಚಲಾಯಿಸಿ ಮತ್ತೆ ಮಾರುಕಟ್ಟೆಗಿಳಿದರು. ಅವರನ್ನು ನಾನು ದೂರುವುದಿಲ್ಲ, ಹಕ್ಕು ಬರೆದುಕೊಟ್ಟವರು ತಂಡದವರೇ. ಉಳಿದದ್ದೇನು? ಜೈಂಟ್ಸ್‌ನವರು ಹೊತ್ತುಕೊಂಡ 25 ಕೋಟಿ ಡಾಲರಿಗೂ ಮಿಕ್ಕ ಬಾಕಿ ಸಂಬಳ. ‘ಹಗುರವಾದೆವು’ ಎಂದು ನೀವು ಬರೆದಿದ್ದೀರಿ. ಆ ಹಣ ನಿಮ್ಮ ಟಿಕೆಟ್ಟಿನ ಬೆಲೆಯಲ್ಲಿ ಇಳಿಯಿತೇ?

ಇಲ್ಲಿಗೆ ನನ್ನ ಮುಖ್ಯ ಆಕ್ಷೇಪಣೆಗೆ ಬಂದೆ. ಆಟಗಾರ ಎಷ್ಟು ಸಂಬಳ ತೆಗೆದುಕೊಳ್ಳುತ್ತಾನೆ, ಅವನ ಮೇಲೆ ಇನ್ನೆಷ್ಟು ವರ್ಷ ಹಿಡಿತವಿದೆ, ಮಿತಿ ಮೀರಿ ಸಂಬಳ ಕೊಟ್ಟರೆ ಬೀಳುವ ಐಷಾರಾಮಿ ತೆರಿಗೆಯ ಗೆರೆಗೆ ತಂಡ ಎಷ್ಟು ದೂರದಲ್ಲಿದೆ ಎಂಬುದು ಇಂದಿನ ಅಭಿಮಾನಿಗೆ ಬಾಯಿಪಾಠ. ಕಿಸೆಯಿಂದ ದುಡ್ಡು ಕೊಟ್ಟು ಒಳಗೆ ಹೋಗುವ ಅಭಿಮಾನಿಯು ಸಾವಿರಾರು ಕೋಟಿಯ ಒಡೆಯನ ಗುಮಾಸ್ತಿಕೆಯನ್ನು ಬಿಟ್ಟಿಯಾಗಿ ಏಕೆ ಮಾಡಬೇಕು? ಪ್ರತಿ ಸಲವೂ ಅವನು ಒಡೆಯನ ಪರವಾಗಿಯೇ ಏಕೆ ಕೂಡಿ ಕಳೆಯಬೇಕು?

ಇದೇ ತಂಡದ ಚರಿತ್ರೆಯನ್ನು ನೋಡಿ. 2018ರಲ್ಲಿ 108 ಪಂದ್ಯಗಳನ್ನು ಗೆದ್ದು ವಿಶ್ವ ಸರಣಿಯನ್ನೂ ಗೆದ್ದ ತಂಡ ಅದು. ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಮೂಕಿ ಬೆಟ್ಸ್, ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2011ರ ಐದನೇ ಸುತ್ತಿನಲ್ಲಿ, ಬಾಸ್ಟನ್‌ನವರೇ ಗುರುತಿಸಿ ಬೆಳೆಸಿದ ಹುಡುಗ. 2020ರ ಫೆಬ್ರವರಿಯಲ್ಲಿ ಅವರನ್ನು, ಭಾರವೆನಿಸಿದ ಡೇವಿಡ್ ಪ್ರೈಸ್ ಸಂಬಳದ ಜತೆಗೆ ಕಟ್ಟಿ, ಡಾಡ್ಜರ್ಸ್‌ಗೆ ಕೊಟ್ಟರು. ಡಾಡ್ಜರ್ಸ್ ಆ ವರ್ಷವೇ ಗೆದ್ದಿತು, ಆಮೇಲೆ 2024ರಲ್ಲೂ 2025ರಲ್ಲೂ. ಬದಲಿಗೆ ಬಂದ ಮೂವರಲ್ಲಿ ಜೀಟರ್ ಡೌನ್ಸ್ ಬೆರಳೆಣಿಕೆಯ ಪಂದ್ಯ ಆಡಿ ಹೊರಬಿದ್ದರು, ಅಲೆಕ್ಸ್ ವರ್ಡುಗೊ ಕೊನೆಗೆ ಯಾಂಕೀಸ್ ಪಾಲಾದರು, ಕಾನರ್ ವಾಂಗ್ ಒಬ್ಬರು ಕ್ಯಾಚರ್ ಆಗಿ ಉಳಿದರು. 2022ರ ಡಿಸೆಂಬರ್‌ನಲ್ಲಿ ಝ್ಯಾಂಡರ್ ಬೊಗಾರ್ಟ್ಸ್ ಸ್ಯಾನ್ ಡಿಯಾಗೊಗೆ ಹೋದರು. ಮರುವರ್ಷ ಕ್ರಿಸ್ ಸೇಲ್ ಮುಗಿದ ಆಸಾಮಿಯೆಂದು ಅಟ್ಲಾಂಟಾಕ್ಕೆ ಕಳುಹಿಸಿದರು; ಅವರು 2024ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. 2018ರ ಆ ಗೆಲುವಿನಿಂದ ಬಾಸ್ಟನ್‌ನಲ್ಲಿ ಉಳಿದಿದ್ದ ಕಡೆಯ ಆಟಗಾರ ಡೆವರ್ಸ್. ಪ್ರತಿಯೊಂದು ಟ್ರೇಡ್‌ಗೂ ಆಯಾ ಕಾಲದಲ್ಲಿ ಬಲವಾದ ಸಮರ್ಥನೆ ಇತ್ತು. ಸಮರ್ಥನೆಗೇನು, 1919ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್‌ನ ದಂತಕಥೆಯಾದ ಬೇಬ್ ರೂತ್‌ರನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದ ಅಂದಿನ ಮಾಲೀಕ ಹ್ಯಾರಿ ಫ್ರೇಜಿಯವರ ಬಳಿಯೂ ಇತ್ತು.

ಆಟಗಾರ ನಿಷ್ಠೆ ತೋರಬೇಕೆಂಬ ನಿಮ್ಮ ಸಾಲಿಗೆ ಕರ್ಟ್ ಫ್ಲಡ್ ಅವರನ್ನು ನೆನಪಿಸದೆ ಮುಂದೆ ಹೋಗಲಾರೆ. ಸೇಂಟ್ ಲೂಯಿಸ್ ತಂಡಕ್ಕೆ ಹನ್ನೆರಡು ಸೀಸನ್ ಆಡಿದ ಅವರನ್ನು 1969ರಲ್ಲಿ ಕೇಳದೆ ಹೇಳದೆ ಫಿಲಡೆಲ್ಫಿಯಾಕ್ಕೆ ಬರೆದುಕೊಟ್ಟರು. ಆ ವರ್ಷದ ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಕಮಿಷನರ್ ಬೋವಿ ಕುನ್ ಅವರಿಗೆ ಪತ್ರ ಬರೆದು, ತಾನು ಕೊಂಡು ಮಾರುವ ಸೊತ್ತಲ್ಲವೆಂದರು. 1970ರ ಸೀಸನ್ ಪೂರ್ತಿ ಆಡಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದರು, 1972ರಲ್ಲಿ 5-3ರ ತೀರ್ಪಿನಲ್ಲಿ ಸೋತರು. ಆಟಗಾರ ಫ್ರೀ ಏಜೆಂಟ್ ಆಗಿ ತನಗೆ ಬೇಕಾದ ತಂಡ ಸೇರುವ ದಾರಿ ತೆರೆದದ್ದು 1975ರ ಡಿಸೆಂಬರ್‌ನಲ್ಲಿ, ಮಧ್ಯಸ್ಥರಾದ ಪೀಟರ್ ಸೈಟ್ಸ್ ಇಬ್ಬರು ಪಿಚರ್‌ಗಳ ಪರವಾಗಿ ನಿರ್ಣಯ ಕೊಟ್ಟಾಗ. ಅಷ್ಟರಲ್ಲಿ ಫ್ಲಡ್ ಅವರ ಆಟದ ಬದುಕು ಮುಗಿದಿತ್ತು. ಈ ಕಥೆ ತಿಳಿದವರು ‘ನಿಷ್ಠೆ’ಯನ್ನು ಒಂದು ಪಕ್ಷದಿಂದ ಮಾತ್ರ ಬೇಡುವಾಗ ಸ್ವಲ್ಪ ಸಂಕೋಚಪಡಬೇಕು.

ನಮ್ಮಲ್ಲೂ ಈ ರೋಗ ಇಲ್ಲವೆನ್ನಬೇಡಿ. ಆರ್‌ಸಿಬಿಯ ಮಾತನ್ನು ನೀವೇ ಎತ್ತಿದ್ದೀರಿ. ಕೊಹ್ಲಿಯನ್ನು 2008ರಿಂದ ಬಿಡದೆ ಉಳಿಸಿಕೊಂಡ ಹಠ 17 ವರ್ಷ ನಗೆಪಾಟಲಾಗಿತ್ತು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಬಂತು. ಆದರೆ ಅದೇ ಫ್ರಾಂಚೈಸಿ 2018ರ ಹರಾಜಿಗೆ ಮುನ್ನ ಕೊಹ್ಲಿ, ಡಿವಿಲಿಯರ್ಸ್ ಜತೆಗೆ ಸರ್ಫರಾಜ್ ಖಾನ್‌ರನ್ನು ಉಳಿಸಿಕೊಂಡು ನಮ್ಮ ಕೆ.ಎಲ್. ರಾಹುಲ್‌ರನ್ನು ಕೈಬಿಟ್ಟಿತು. ಅಂದು ಕೂಡ ಬೆಂಗಳೂರಿನ ಕಾಫಿ ಹೋಟೆಲುಗಳಲ್ಲಿ ಉಳಿತಾಯದ ಕೋಟಿಗಳನ್ನು ಎಣಿಸಿ ಸಮರ್ಥಿಸಿದವರನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪಂಜಾಬಿನವರು ರಾಹುಲ್‌ಗೆ 11 ಕೋಟಿ ಕೊಟ್ಟಾಗ ಅವರೇ ಕೈ ಹಿಸುಕಿಕೊಂಡರು.

ನಿಮ್ಮ ಮಗಳು ಈಗಲೂ ಡೆವರ್ಸ್‌ರ 11ನೇ ಸಂಖ್ಯೆಯ ಅಂಗಿಯನ್ನೇ ತೊಡುತ್ತಾಳೆ, ಆಂಟನಿಯ 19ರ ಅಂಗಿ ತಂದುಕೊಟ್ಟರೂ ಮುಟ್ಟುವುದಿಲ್ಲ ಎಂದು ಬೇಸರದಿಂದ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಬೇಸ್‌ಬಾಲ್ ಬಲ್ಲವರು ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಸಂತೋಷವಾಯಿತು. ಅವಳನ್ನು ಅವಳ ಪಾಡಿಗೆ ಬಿಡಿ.

ಕೊನೆಯದಾಗಿ ಎಳೆಯರ ವಿಷಯ. ಅವರ ಮೇಲೆ ನನಗೇನೂ ಹಗೆಯಿಲ್ಲ. ಜೂನ್ 9ರಂದು ಕಣಕ್ಕಿಳಿದ ಆಂಟನಿ ಚೆಂಡನ್ನು ನೋಡುವ ತಾಳ್ಮೆ ಕಂಡು ನಾನೂ ಬೆರಗಾದವನೇ. ಆದರೆ ಎಳೆಯರ ಮೇಲೆ ಹಾಕಿದ ಯೋಜನೆ ಕಾಗದದ ಮೇಲಿದ್ದಂತೆ ಮೈದಾನದಲ್ಲಿ ನಡೆಯುವುದಿಲ್ಲ. ಕ್ಯಾಂಬೆಲ್‌ಗೆ ಏಪ್ರಿಲ್ ಮೊದಲ ವಾರದಲ್ಲೇ ಎಂಟು ವರ್ಷಕ್ಕೆ 6 ಕೋಟಿ ಡಾಲರ್ ಬರೆದುಕೊಟ್ಟು, ಜೂನ್‌ನಲ್ಲಿ ವೂಸ್ಟರ್‌ಗೆ ವಾಪಸ್ ಕಳುಹಿಸಿದರು. ಮೇಯರ್ ಮಣಿಕಟ್ಟಿನ ಗಾಯದಿಂದ, ಆಂಟನಿ ಪಕ್ಕೆಯ ಸ್ನಾಯು ಎಳೆದು, ಸೀಸನ್ನಿನ ಕೊನೆಗೆ ಇಬ್ಬರೂ ಹೊರಗೆ. 89 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂದ ತಂಡವು ಯಾಂಕೀಸ್ ಎದುರು ನಿರ್ಣಾಯಕ ಪಂದ್ಯದಲ್ಲಿ ಒಂದು ರನ್ನನ್ನೂ ಗಳಿಸದೆ 4-0ರಿಂದ ಸೋತಿತು. ಎಂಟು ಇನ್ನಿಂಗ್ಸ್ ಎಸೆದು ಹನ್ನೆರಡು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ (ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿದ) ಯಾಂಕೀಸ್ ಪಿಚರ್ ಕ್ಯಾಮ್ ಶ್ಲಿಟ್ಲರ್ ಎಲ್ಲಿಯವರು ಗೊತ್ತಲ್ಲ? ಮ್ಯಾಸಚೂಸೆಟ್ಸ್‌ನ ವಾಲ್ಪೋಲ್‌ನವರು, ನಿಮ್ಮ ನೆರೆಯೂರಿನ ಹುಡುಗ. ಅಂದು ಬಾಸ್ಟನ್‌ಗೆ ಬೇಕಿದ್ದದ್ದು ಯಾಂಕೀಸ್ ಎದುರು ಹೆದರದೆ ಬ್ಯಾಟ್ ಬೀಸುವ ಒಬ್ಬ ಹಳೆಯ ಕೈ.

ಆಂಟನಿಗೆ ಆಗಸ್ಟ್‌ನಲ್ಲಿ ಎಂಟು ವರ್ಷಗಳಿಗೆ 13 ಕೋಟಿ ಡಾಲರಿನ ಒಪ್ಪಂದವಾಗಿದೆ, ಇನ್ನು ಆ ಹುಡುಗ ಎಲ್ಲಿಗೂ ಹೋಗುವುದಿಲ್ಲ ಎಂದು ಪತ್ರದ ತುದಿಯಲ್ಲಿ ನೆಮ್ಮದಿಪಟ್ಟಿದ್ದೀರಿ. ಹಾಗೆಯೇ ಆಗಲಿ. ಡೆವರ್ಸ್‌ರ ಒಪ್ಪಂದ ಹತ್ತು ವರ್ಷದ್ದು. ಅದಕ್ಕೆ ಸಹಿ ಬಿದ್ದು ಎರಡೂವರೆ ವರ್ಷ ತುಂಬುವ ಮೊದಲೇ ಅವರನ್ನು ಜೈಂಟ್ಸ್‌ಗೆ ಕಳುಹಿಸಿಯಾಗಿತ್ತು.

— ಸಂಪಾದಕ