ರೋಗದ ಹೆಸರು, ಸರ್ಕಾರದ ಲೆಕ್ಕ

ಕೋವಿಡ್ ಸಾವುಗಳ ಲೆಕ್ಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿದ ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು, ‘ರೋಗ ಯಾವುದೆಂದು ಹೇಳುವುದು ವೈದ್ಯರ ಕೆಲಸ, ಅದರಲ್ಲೂ ರಾಜಕೀಯ ಹುಡುಕುವುದು ನಿಮಗೆ ಶೋಭಿಸದು’ ಎಂದು ಬರೆದಿದ್ದಾರೆ.

ವ್ಯಾಖ್ಯೆಯಿಲ್ಲದೆ ಎಣಿಕೆಯಿಲ್ಲ, ಎಣಿಕೆಯಿಲ್ಲದೆ ಆಕ್ಸಿಜನ್ ಯಾವ ಊರಿಗೆ ಕಳಿಸಬೇಕೆಂಬುದೂ ತಿಳಿಯದು, ಅಷ್ಟನ್ನು ಒಪ್ಪುತ್ತೇವೆ. ಆದರೆ ಗುರುಗಳೇ, ಆ ವ್ಯಾಖ್ಯೆಯ ಗೆರೆ ಎಳೆದವರು ವೈದ್ಯರು ಮಾತ್ರವೇ? ಪಾಸಿಟಿವ್ ಬಂದ 28 ದಿನಗಳೊಳಗೆ ಸತ್ತವರನ್ನಷ್ಟೇ ದಿನದ ಲೆಕ್ಕಕ್ಕೆ ಹಿಡಿಯುವುದೆಂದು 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ನಿರ್ಧರಿಸಿದಾಗ, ಬ್ರಿಟನ್ನಿನ ಒಟ್ಟು ಸಂಖ್ಯೆಯಿಂದ ಐದು ಸಾವಿರಕ್ಕೂ ಹೆಚ್ಚು ಸಾವುಗಳು ಒಮ್ಮೆಲೇ ಕಳಚಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಚೀನಾದ ಹುಬೇ ಪ್ರಾಂತ್ಯವು ವೈದ್ಯರು ಸ್ಕ್ಯಾನ್ ನೋಡಿ ಗುರುತಿಸಿದವರನ್ನೂ ಸೇರಿಸಿಕೊಂಡ ದಿನ ಸುಮಾರು 15 ಸಾವಿರ ರೋಗಿಗಳು ಹೆಚ್ಚಿದ್ದರು.

ನಮ್ಮಲ್ಲಿ ಕೋವಿಡ್‌ನಿಂದ ಸತ್ತವರ ಮನೆಯವರಿಗೆ ಪರಿಹಾರ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ಹೇಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಬಂತು. ಪರೀಕ್ಷೆಯಲ್ಲಿ ಸೋಂಕು ಖಚಿತವಾಗಿರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಗುರುತಿಸಿರಬೇಕು. ಆ ಬಳಿಕ 30 ದಿನಗಳೊಳಗೆ ಸತ್ತರೆ ಅದು ಕೋವಿಡ್ ಸಾವು, ಮನೆಯವರಿಗೆ 50,000 ರೂಪಾಯಿ. ಓದಲು ಉದಾರವಾಗಿಯೇ ಇದೆ. ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಅದೇ ಮೇ ತಿಂಗಳು ತೀರಿಕೊಂಡ ಯಜಮಾನನ ಸ್ಕ್ಯಾನ್ ಫಿಲ್ಮನ್ನು ಹೆಂಡತಿ ಸೀರೆಗಳ ನಡುವಿನಿಂದ ತೆಗೆದು ತೋರಿಸಿದರು. ಎರಡೂ ಶ್ವಾಸಕೋಶಗಳು ಬೆಳ್ಳಗಾಗಿದ್ದವು. ಗಂಟಲ ದ್ರವದ ಪರೀಕ್ಷೆ ಮಾತ್ರ ನೆಗೆಟಿವ್, ದಾಖಲಾಗಲು ಎಲ್ಲೂ ಹಾಸಿಗೆ ಇರಲಿಲ್ಲ, ಪವರ್‌ಲೂಮ್ ಪಕ್ಕದ ಕೋಣೆಯಲ್ಲೇ ಜೀವ ಹೋಯಿತು. ‘ಅವತ್ತ ಬೆಡ್ ಕೊಡಲಿಲ್ರೀ, ಈಗ ಬೆಡ್ಡಿನ ಚೀಟಿ ಕೇಳ್ತಾರ’ ಎಂದರು ಆ ತಾಯಿ. ಹಾಸಿಗೆ ಇಲ್ಲದೆ ಸತ್ತವನ ಮನೆಯವರಿಂದ ಆಸ್ಪತ್ರೆಯ ಕಾಗದ ಕೇಳುವ ನಿಯಮ ಯಾವ ವೈದ್ಯಶಾಸ್ತ್ರದ್ದೆಂದು ತಾವೇ ಹೇಳಬೇಕು.

2020 ಮತ್ತು 2021ರಲ್ಲಿ ಭಾರತದ ಹೆಚ್ಚುವರಿ ಸಾವುಗಳು, ಅಂದರೆ ಮಾಮೂಲಿ ವರ್ಷಗಳಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾದ ಸಾವುಗಳು, ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅದೇ ಅವಧಿಗೆ ಸರ್ಕಾರದ ಕೋವಿಡ್ ಸಾವಿನ ಲೆಕ್ಕ 4.8 ಲಕ್ಷ. ಆ ಗಣಿತದ ಮಾದರಿಯೇ ತಪ್ಪೆಂದು ದಿಲ್ಲಿ ಆಕ್ಷೇಪಿಸಿತು. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು, ಆದರೆ ಬನಹಟ್ಟಿಯ ಆ ಮನುಷ್ಯ ಎರಡನೆಯ ಲೆಕ್ಕದಲ್ಲಿ ಇಲ್ಲ.

ಇದು ಕೋವಿಡ್‌ನೊಂದಿಗೆ ಹುಟ್ಟಿದ ಚಾಳಿಯೂ ಅಲ್ಲ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಅನ್ನು ಕ್ಷಯವೆಂದು ಬರೆಯುವುದು ದೇಶದಲ್ಲಿ ಹಳೆಯ ರೂಢಿ. ಕ್ಷಯವೆಂದರೆ ಸರ್ಕಾರದ ಮಾತ್ರೆ ಸಾಕು. ಸಿಲಿಕೋಸಿಸ್ ಎಂದರೆ ಮಾಲೀಕನ ಮೇಲೆ ಪರಿಹಾರದ ಹೊಣೆ ಬೀಳುತ್ತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳು ತಮ್ಮ ಜಿಲ್ಲೆಯಲ್ಲೇ ಇವೆ. ಕೆಮ್ಮುವ ಯಾವುದಾದರೂ ಹಳೆಯ ಕೆಲಸಗಾರನ ಚೀಟಿಯಲ್ಲಿ ಏನು ಬರೆದಿದೆ ಎಂದು ನೋಡಿ ಬನ್ನಿ. ಆ ಪತ್ರವನ್ನೂ ಪ್ರಕಟಿಸುತ್ತೇವೆ.

-ಸಂ.