ಮೂರೂವರೆ ವರ್ಷದ ಮಗಳಿಗೆ ರಾತ್ರಿ ಡೈಪರ್ ಬಿಡಿಸುವುದು ಹೇಗೆ?

ನಿಮ್ಮ ಮಗಳು ಹಗಲಿನಲ್ಲಿ ತಾನಾಗಿಯೇ ಹೇಳಿ ಬಚ್ಚಲಿಗೆ ಹೋಗುತ್ತಾಳೆ, ಆದರೆ ಬೆಳಿಗ್ಗೆ ಡೈಪರ್ ತುಂಬಿರುತ್ತದೆ ಎಂದಿದ್ದೀರಿ. ರಾತ್ರಿ ಎರಡು ಸಲ ಎಬ್ಬಿಸಿದರೆ ಅಭ್ಯಾಸವಾಗುತ್ತದೆ ಎನ್ನುವ ಅತ್ತೆಯವರ ಮಾತು ಸರಿಯೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಎರಡು ಮಕ್ಕಳ ತಾಯಿ. ಮಗ ಆರು ತುಂಬುವವರೆಗೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ, ಮಗಳು ಮೂರಕ್ಕೇ ನಿಲ್ಲಿಸಿದಳು. ಇಬ್ಬರನ್ನೂ ಬೆಳೆಸಿದವಳು ನಾನೇ.

ಹಗಲಿನಲ್ಲಿ ತಡೆದುಕೊಳ್ಳುವುದನ್ನು ಕಲಿಸಬಹುದು, ರಾತ್ರಿಯದನ್ನು ಕಲಿಸಲಾಗುವುದಿಲ್ಲ. ನಿದ್ರೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಸಾಕಷ್ಟು ಸ್ರವಿಸಬೇಕು, ಇಲ್ಲವೇ ಮೂತ್ರಕೋಶ ತುಂಬಿದಾಗ ಮಗುವಿಗೆ ಎಚ್ಚರವಾಗಬೇಕು. ಇವೆರಡೂ ದೇಹ ಬಲಿತಂತೆ ತಾವಾಗಿಯೇ ಬರುವಂಥವು. ಐದು ವರ್ಷದ ಮಕ್ಕಳಲ್ಲೂ ಸುಮಾರು ನೂರಕ್ಕೆ 15 ಮಂದಿಗೆ ಇದು ಇನ್ನೂ ಬಂದಿರುವುದಿಲ್ಲ. ವಂಶದ ಪಾತ್ರವೂ ದೊಡ್ಡದು. ನನ್ನ ಯಜಮಾನರು ಏಳನೆಯ ವಯಸ್ಸಿನವರೆಗೂ ಹೀಗೆಯೇ ಇದ್ದರೆಂಬುದನ್ನು ನಮ್ಮ ಅತ್ತೆ ಬಾಯಿಬಿಟ್ಟದ್ದು ನಾನು ಮಗನನ್ನು ಗದರಿ, ಅವನು ಅತ್ತ ದಿನ. ನಿಮ್ಮ ಅತ್ತೆಯವರನ್ನೂ ಒಮ್ಮೆ ಕೇಳಿ ನೋಡಿ.

ಎಬ್ಬಿಸುವ ಪ್ರಯೋಗವನ್ನು ನಾನು ಎರಡು ತಿಂಗಳು ಮಾಡಿದ್ದೇನೆ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಎತ್ತಿಕೊಂಡು ಹೋದರೆ, ಅವನು ನನ್ನ ಹೆಗಲಿಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಮೂತ್ರ ಮಾಡುತ್ತಿದ್ದ; ಬೆಳಿಗ್ಗೆ ಕೇಳಿದರೆ ಎದ್ದ ನೆನಪೇ ಇರುತ್ತಿರಲಿಲ್ಲ. ಹಾಸಿಗೆ ಒಣಗಿರುತ್ತಿತ್ತು, ಅಷ್ಟೇ. ಎಬ್ಬಿಸುವುದನ್ನು ನಿಲ್ಲಿಸಿದ ರಾತ್ರಿಯೇ ಮತ್ತೆ ಒದ್ದೆಯಾಯಿತು.

ಕೆಲವು ದಿನ ಸತತವಾಗಿ ಬೆಳಗಿನ ಡೈಪರ್ ಒಣಗಿದ್ದರೆ ಮಾತ್ರ ಬಿಡಿಸಲು ಹೊರಡಿ. ನೀರನ್ನು ಬೆಳಿಗ್ಗೆ, ಮಧ್ಯಾಹ್ನ ಧಾರಾಳವಾಗಿ ಕುಡಿಸಿ, ರಾತ್ರಿಯ ಹಾಲನ್ನು ಮಲಗುವುದಕ್ಕೆ ಒಂದು ಗಂಟೆ ಮೊದಲೇ ಕೊಟ್ಟುಬಿಡಿ; ಬಾಯಾರಿದ ಮಗುವಿಗೆ ನೀರು ಕೊಡದೆ ಇರಬೇಡಿ. ಮಲಗುವ ಮುನ್ನ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಬಚ್ಚಲಿಗೆ ಕಳುಹಿಸಿ. ಮಲಬದ್ಧತೆಯಿದ್ದರೆ ಮೊದಲು ಅದನ್ನು ಸರಿಪಡಿಸಿ, ಏಕೆಂದರೆ ಗಟ್ಟಿಯಾಗಿ ಕಟ್ಟಿಕೊಂಡ ಮಲ ಮೂತ್ರಕೋಶವನ್ನು ಒತ್ತುತ್ತದೆ. ನಮ್ಮಲ್ಲಿ ಹೆಚ್ಚಿನವರು ಗಮನಿಸದಿರುವುದು ಇದನ್ನೇ.

ಹಾಸಿಗೆಯ ವಿಷಯದಲ್ಲಿ ಒಂದು ಉಪಾಯವಿದೆ. ಧಾರವಾಡದ ಮಳೆಗಾಲದಲ್ಲಿ ನೆನೆದ ಕೌದಿ ಎರಡು ದಿನವಾದರೂ ಒಣಗದೆ ನಾನು ಬೇಸತ್ತಿದ್ದೆ. ಆಮೇಲೆ ರಬ್ಬರ್ ಶೀಟಿನ ಮೇಲೆ ನಾಲ್ಕು ಮಡಿಕೆಯ ಹಳೆಯ ನೂಲಿನ ಸೀರೆ, ಅದರ ಮೇಲೆ ಇನ್ನೊಂದು ರಬ್ಬರ್ ಶೀಟು, ಮತ್ತೊಂದು ಸೀರೆ, ಹೀಗೆ ಎರಡು ಜೊತೆ ಹಾಸಿದೆ. ನಡುರಾತ್ರಿ ಒದ್ದೆಯಾದರೆ ಮೇಲಿನ ಜೊತೆಯನ್ನು ಎಳೆದು ಬಕೆಟ್ಟಿಗೆ ಹಾಕಿ, ಚಡ್ಡಿ ಬದಲಿಸಿದರೆ ಮುಗಿಯಿತು. ದೀಪ ಹಾಕುವಂತೆಯೂ ಇಲ್ಲ, ಗೊಣಗುವಂತೆಯೂ ಇಲ್ಲ. ಎರಡು ವಾರದ ನಂತರವೂ ದಿನವೂ ಒದ್ದೆಯಾಗುತ್ತಿದ್ದರೆ ಡೈಪರಿಗೇ ಮರಳಿ, ಕೆಲವು ತಿಂಗಳು ಬಿಟ್ಟು ನೋಡಿ. ಬಂದ ನೆಂಟರ ಮುಂದೆ ಈ ಮಾತೆತ್ತಬೇಡಿ.

ಐದು ವರ್ಷದೊಳಗೆ ಇದಕ್ಕೆಂದೇ ಸಾಮಾನ್ಯವಾಗಿ ಚಿಕಿತ್ಸೆ ಕೊಡುವುದಿಲ್ಲ. ಆದರೆ ಆರು ತಿಂಗಳು ಒಣಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಉರಿಮೂತ್ರ, ಅತಿಯಾದ ಬಾಯಾರಿಕೆ ಅಥವಾ ತೂಕ ಇಳಿಯುವುದು ಕಂಡುಬಂದರೆ ಮಕ್ಕಳ ವೈದ್ಯರಲ್ಲಿಗೆ ತಡಮಾಡದೆ ಕರೆದೊಯ್ಯಿರಿ. ಸೋಂಕು ಮತ್ತು ಸಕ್ಕರೆ ಕಾಯಿಲೆಯ ಸುಳಿವು ಒಂದು ಸಾಮಾನ್ಯ ಮೂತ್ರಪರೀಕ್ಷೆಯಲ್ಲೇ ಸಿಗುತ್ತದೆ.